ದಪ್ಪ ಲಕೋಟೆ

ಪಕ್ಕದ ಬಾಗಿಲ ಮುಂದೆ ಇವತ್ತು ಬಿಟ್ಟಿದ್ದ ಚಪ್ಪಲಿ ಬೇರೆಯದು. ಇಷ್ಟು ದಿನ ವಾರಕ್ಕೊಮ್ಮೆ ಅಲ್ಲಿ ಇರುತ್ತಿದ್ದದ್ದು ನೀಲಿ ಪಟ್ಟಿಯ ತೆಳು ಚಪ್ಪಲಿ, ಎಡಗಾಲಿನದಕ್ಕೆ ಪಿನ್ನು ಚುಚ್ಚಿದ್ದು. ಇವತ್ತಿನದು ಅಗಲ ಪಾದದ್ದು, ಹಿಮ್ಮಡಿ ಒಂದು ಮಗ್ಗುಲಿಗೆ ಸವೆದು ದೋಣಿಯ ಹಾಗೆ ವಾಲಿತ್ತು. ದೊಡ್ಡಾಕೆ ತನ್ನ ಹೊಸ್ತಿಲಲ್ಲಿ ನಿಂತು, ಕೈಯಲ್ಲಿದ್ದ ಅಂಗಿಗೆ ಕಾಜಾ ಹೊಲಿಯುತ್ತಲೇ, ಆ ಚಪ್ಪಲಿಯನ್ನು ನೋಡಿದ ನೋಟಕ್ಕೆ ಅದರ ಅಟ್ಟೆ ಇನ್ನೊಂದಿಷ್ಟು ಸವೆದಿದ್ದರೂ ಆಶ್ಚರ್ಯವಿರಲಿಲ್ಲ. ಯಾರೇ ಬರಲಿ, ಏನೇ ಬರಲಿ, ಮೊದಲು ಆ ಬಾಗಿಲಿಗೇ ಬರಬೇಕು. ಗಾಳಿ ಕೂಡ ಮೊದಲು ಓರಗಿತ್ತಿಯ ಕಿಟಕಿಗೆ ಹೋಗಿ, ಅಲ್ಲಿ ಕೂತು ಸುಧಾರಿಸಿಕೊಂಡು, ಅವರ ಮನೆ ಒಗ್ಗರಣೆಯ ವಾಸನೆ ಹೊತ್ತುಕೊಂಡೇ ಇವಳ ಕಡೆ ಬರುತ್ತಿತ್ತು. ಇವತ್ತು ಬಂದಿರುವವಳು ಲೆಕ್ಕದಾಕೆ, ಯಾರಿಗೆ ಎಷ್ಟು ಗುಣವಾಯಿತೆಂದು ಬರೆದುಕೊಳ್ಳುವವಳು. ಅಲ್ಲಿ ಮುಗಿಸಿಕೊಂಡು ಇಲ್ಲಿಗೆ ಬರುತ್ತಾಳೆ, ಅವೇ ಪ್ರಶ್ನೆ ಕೇಳುತ್ತಾಳೆ. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮನಸ್ಸು ಕುಗ್ಗಿದೆಯಾ. ದೊಡ್ಡಾಕೆ ಉತ್ತರವನ್ನು ತಯಾರು ಮಾಡಿಟ್ಟುಕೊಂಡಿದ್ದಳು: ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ವಾರದಿಂದ ಆ ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುತ್ತಿದ್ದಳು. ಅದು ಬಾಯಿಂದ ಉದುರಿದರೆ ಓರಗಿತ್ತಿಯ ಸುಖಕ್ಕೆ ಕಲ್ಲು ಬೀಳುತ್ತದೆಂದು ಅವಳಿಗೆ ಗೊತ್ತಿತ್ತು.

ಮನೆ ಒಂದೇ, ಬಾಗಿಲು ಎರಡು. ಅಣ್ಣತಮ್ಮ ಇಬ್ಬರೂ ಬಸ್ ಡಿಪೋದಲ್ಲಿ ಬಸ್ಸು ತೊಳೆಯುವವರು. ಅಲ್ಲಿ ಒಂದೇ ಪೈಪು ಹಿಡಿದು ಒಂದೇ ಬಸ್ಸಿನ ಎರಡು ಮಗ್ಗುಲು ತಿಕ್ಕುವವರು, ಮನೆಯಲ್ಲಿ ಮಾತ್ರ ಅಪ್ಪ ಬಿಟ್ಟುಹೋದ ಗೋಡೆ ಗಡಿಯಾರಕ್ಕೆ ಕಿತ್ತಾಡಿ ನಡುಮನೆಗೆ ಅಡ್ಡ ಹಲಗೆ ಹೊಡೆಸಿದ್ದರು. ಹಲಗೆ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಅದು ಎಷ್ಟು ತೆಳುವೆಂದರೆ ಆ ಕಡೆ ಯಾರಾದರೂ ಕನಸು ಕಂಡರೆ ಈ ಕಡೆಯವರು ಮಗ್ಗುಲು ಬದಲಿಸಬೇಕು. ಗಡಿಯಾರ ಆ ಕಡೆಯ ಪಾಲಿಗೆ ಹೋಯಿತು, ಅದರ ಟಿಕ್ ಟಿಕ್ ಮಾತ್ರ ಈ ಕಡೆಯ ಪಾಲಿಗೆ ಉಳಿಯಿತು. ಗಂಡಸರು ಮರುದಿನವೇ ಒಂದೇ ಬೀಡಿ ಹಂಚಿಕೊಂಡು ಸೇದಿ ರಾಜಿಯಾದರು. ಹಲಗೆ ಕಿತ್ತುಹಾಕುವ ಉಸಾಬರಿಗೆ ಮಾತ್ರ ಯಾರೂ ಹೋಗಲಿಲ್ಲ. ಅಲ್ಲಿಂದೀಚೆಗೆ ದೊಡ್ಡಾಕೆಗೆ ಹೊತ್ತು ಗೊತ್ತಾಗಬೇಕಾದರೂ ಓರಗಿತ್ತಿಯ ಗೋಡೆಯಿಂದಲೇ ಗೊತ್ತಾಗಬೇಕು. ಗಂಟೆ ಹೊಡೆದಾಗಲೆಲ್ಲ ಅವಳಿಗೆ ಯಾರೋ ಸಾಲ ಕೊಟ್ಟು ಎಣಿಸಿ ಹೇಳಿದಂತಾಗುತ್ತಿತ್ತು.

ಈಗ ಆ ಕಡೆ ಲೆಕ್ಕದಾಕೆಯ ದನಿ ಗೊರಗೊರ ಕೇಳುತ್ತಿತ್ತು. ಈ ಕಡೆ ಜೋಳಿಗೆಯಲ್ಲಿ ಓರಗಿತ್ತಿಯ ಕೂಸು ಮಲಗಿತ್ತು. ಜೋಳಿಗೆಗೆ ಕಟ್ಟಿದ ಹಗ್ಗದ ತುದಿ ದೊಡ್ಡಾಕೆಯ ಕಾಲಿನ ಹೆಬ್ಬೆರಳಲ್ಲಿ, ಸೂಜಿ ಕೈಯಲ್ಲಿ, ಕಿವಿ ಹಲಗೆಯಲ್ಲಿ. ಇಷ್ಟು ತಿಂಗಳೂ ಹೀಗೇ. ಅವಳು ಅತ್ತು ಹಗುರಾಗಲಿ ಅಂತ ಇವಳು ಕೂಸನ್ನು ತೂಗಬೇಕು. "ಅಕ್ಕ, ಕೇಳೋ ಹುಡುಗಿ ಬಂದಿದ್ದಾಳೆ, ಇವನನ್ನ ಒಂಚೂರು ನೋಡ್ಕೊ" ಎಂದು ಚಿಕ್ಕಾಕೆ ಕೂಸನ್ನು ಮಡಿಲಿಗೆ ಹಾಕಿ ಹೋಗುವಾಗ ದೊಡ್ಡಾಕೆಗೆ, ಮದುವೆ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತು ತನ್ನೊಬ್ಬಳನ್ನು ಚಪ್ಪಲಿ ಕಾಯಲು ಬಿಟ್ಟಂತಾಗುತ್ತಿತ್ತು. ಕೂಸಿನ ಮೇಲೆ ಸಿಟ್ಟು ಬರುತ್ತಿರಲಿಲ್ಲ. ಅದು ತನ್ನ ಪಾಡಿಗೆ ಮುಷ್ಟಿ ಚೀಪುತ್ತಿತ್ತು. ಹೆತ್ತವಳು ಎಷ್ಟೋ ದಿನ ಅದರ ಕಡೆ ತಿರುಗಿಯೂ ನೋಡದೆ ಗೋಡೆ ನೋಡುತ್ತ ಮಲಗಿದ್ದಾಗ ಅದಕ್ಕೆ ನೀರು ಹಾಕಿದವಳು, ಬಟ್ಟೆ ಬದಲಿಸಿದವಳು ಇವಳೇ. ಆಗ ಬಂದು ಹೋದವರೆಲ್ಲ ಚಿಕ್ಕಾಕೆಯ ತಲೆ ಸವರಿ "ಪಾಪ, ಬಾಣಂತಿ, ಹಸಿ ಮೈ" ಎಂದರು. ಆ 'ಪಾಪ'ದಲ್ಲಿ ಒಂದು ಚಿಟಿಕೆಯನ್ನಾದರೂ ಈ ಕಡೆ ಉದುರಿಸಲಿಲ್ಲ.

ತಪ್ಪು ಅವಳದೇ, ಅದೇ ಹೊಟ್ಟೆಯೊಳಗಿನ ಮುಳ್ಳು. ಕಡಲಾಚೆಯ ಯಾವುದೋ ದೇಶದವರು ಇಲ್ಲಿಯ ಹೆಂಗಸರ ಮನಸ್ಸಿನ ಭಾರ ಇಳಿಸಲು ದುಡ್ಡು ಕಳಿಸಿದ್ದರಂತೆ. ಡಾಕ್ಟರುಗಳು ಇಲ್ಲ, ಅದಕ್ಕೆ ಇಲ್ಲಿಯದೇ ಹುಡುಗಿಯರಿಗೆ ಕೇಳುವುದನ್ನು ಕಲಿಸಿದ್ದರು. ಕಿವಿ ಇದ್ದವರಿಗೆಲ್ಲ ಬರುವ ವಿದ್ಯೆಯನ್ನು ಕಲಿಸುವುದೇನು ಎಂದು ಮೊದಲು ನಕ್ಕವಳು ದೊಡ್ಡಾಕೆಯೇ. ಬೀದಿಯ ಹೆಂಗಸರನ್ನೆಲ್ಲ ಪ್ರಶ್ನೆ ಕೇಳಿ ಜರಡಿ ಹಿಡಿದಾಗ ಈ ಮನೆಯಲ್ಲಿ ಓರಗಿತ್ತಿಯರಿಬ್ಬರೂ ಮನಸ್ಸು ಭಾರದವರೆಂದು ಜರಡಿಯ ಮೇಲೆ ಉಳಿದರು. ಆದರೆ ದುಡ್ಡು ಎಲ್ಲರಿಗೂ ಸಾಲುವಷ್ಟಿರಲಿಲ್ಲ. ಕೇಳುವುದರಿಂದ ನಿಜವಾಗಿ ಗುಣವಾಗುತ್ತದೋ ಇಲ್ಲವೋ ಎಂದು ಆಚೆಯವರಿಗೆ ಅನುಮಾನವೂ ಇತ್ತು. ಅದಕ್ಕೆ ಅರ್ಧ ಜನಕ್ಕೆ ಕೇಳುವ ಹುಡುಗಿ, ಅರ್ಧ ಜನಕ್ಕೆ ಬರೀ ಒಂದು ಕಾಗದ, ಕೊನೆಗೆ ಎರಡೂ ಗುಂಪನ್ನು ಅಕ್ಕಪಕ್ಕ ಇಟ್ಟು ನೋಡುವುದು. ಯಾರಿಗೆ ಯಾವುದು ಎಂಬುದಕ್ಕೆ ಲಕೋಟೆ. ನೀಲಿ ಚಪ್ಪಲಿಯ ಹುಡುಗಿ ಎರಡು ಲಕೋಟೆ ಹಿಡಿದು ಜಗಲಿಯ ಮೇಲೆ ನಿಂತಿದ್ದಳು. "ಯಾರು ಬೇಕಾದ್ರೂ ಮೊದಲು ತಗೊಳ್ಳಿ" ಎಂದಳು. ಚಿಕ್ಕಾಕೆ ಕೈ ಚಾಚುವುದಕ್ಕೆ ಮುಂಚೆ ದೊಡ್ಡಾಕೆ ಅಡ್ಡ ಬಂದು, "ದೊಡ್ಡವಳು ನಾನು, ಮೊದಲು ನಂದು" ಎಂದು ಎರಡನ್ನೂ ಬೆರಳಲ್ಲಿ ಒತ್ತಿ ನೋಡಿದಳು. ಅಂಗಡಿಯಿಂದ ಬಂದ ಬಟ್ಟೆ ಗಂಟನ್ನು ಒತ್ತಿ ನೋಡುವ ಕೈ ಅದು, ಯಾವುದರಲ್ಲಿ ಜಾಸ್ತಿ ಇದೆ ಎಂದು ಮುಟ್ಟಿದರೇ ತಿಳಿಯುತ್ತಿತ್ತು. ಒಂದು ದಪ್ಪ, ಒಂದು ತೆಳು. ದಪ್ಪದ್ದನ್ನು ಎಳೆದುಕೊಂಡಳು. ಚಿಕ್ಕಾಕೆ ಉಳಿದದ್ದನ್ನು, ಸತ್ತ ಜಿರಳೆ ಎತ್ತುವವಳ ಹಾಗೆ ಎರಡು ಬೆರಳಲ್ಲಿ ಎತ್ತಿಕೊಂಡಳು. ದಪ್ಪದ್ದರಲ್ಲಿ ಇದ್ದದ್ದು ನಾಲ್ಕು ಮಡಿಕೆಯ ಬಣ್ಣದ ಕಾಗದ. ತೆಳುವಾದದ್ದರಲ್ಲಿ ಒಂದು ಚೀಟಿ: ನಿಮ್ಮ ಮನೆಗೆ ವಾರಕ್ಕೊಮ್ಮೆ ಒಬ್ಬರು ಬಂದು ನಿಮ್ಮ ಮಾತು ಕೇಳುತ್ತಾರೆ.

ಕಾಗದದ ಮೇಲೆ ಹಣೆಗೆ ಕೈ ಹಚ್ಚಿ ಕೂತ ಹೆಂಗಸಿನ ಚಿತ್ರ. ಅವಳ ಸೀರೆಯ ಇಸ್ತ್ರಿ ಮುರಿದಿರಲಿಲ್ಲ. ಚೆನ್ನಾಗಿ ನಿದ್ದೆ ಮಾಡಿ, ಆಪ್ತರ ಜೊತೆ ಹಂಚಿಕೊಳ್ಳಿ, ಅಗತ್ಯವಿದ್ದರೆ ಹತ್ತಿರದ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ದೊಡ್ಡಾಕೆ ಅದನ್ನು ಮಡಚಿ ಅಲ್ಲಾಡುವ ಹೊಲಿಗೆ ಮೆಷಿನ್ನಿನ ಕಾಲಿಗೆ ಕೊಟ್ಟಳು. ಅಷ್ಟರಮಟ್ಟಿಗೆ ಅದು ಒಂದು ಕುಂಟುವ ಜೀವಕ್ಕೆ ಆಸರೆಯಾಯಿತು. ಹತ್ತಿರದ ಆಸ್ಪತ್ರೆ ಅವಳಿಗೆ ಹೊಸದಲ್ಲ. ಹಿಂದೊಮ್ಮೆ, ಯಾರಿಗೂ ಹೇಳದೆ, ದಾರದ ಉಂಡೆ ತರುತ್ತೇನೆಂದು ಸುಳ್ಳು ಹೇಳಿ ಹೋಗಿದ್ದಳು. ಮನಸ್ಸಿನ ಡಾಕ್ಟರು ಸುತ್ತಲ ಊರುಗಳಿಗೆಲ್ಲ ಸೇರಿ ಒಬ್ಬರೇ. ಅವರು ಬರುವ ದಿನ ಬಾಗಿಲ ಮುಂದಿನ ಸಾಲು ಆಸ್ಪತ್ರೆ ದಾಟಿ, ಸೈಕಲ್ ಸ್ಟ್ಯಾಂಡು ದಾಟಿ, ಹಿಂದಿನ ರಸ್ತೆಗೆ ಹೊರಳಿ, ಆ ರಸ್ತೆಯಲ್ಲಿ ಬಸ್ಸಿಗೆ ನಿಂತವರ ಸಾಲಿಗೆ ಸೇರಿಕೊಂಡು, ಊರಿಗೆ ಹೋಗಬೇಕಾದ ಒಬ್ಬ ಮುದುಕ ಡಾಕ್ಟರ ಮುಂದೆ ಹೋಗಿ ಕೂತು ಟಿಕೆಟ್ ಕೇಳಿದನಂತೆ, ಅವರು ಮಾತ್ರೆ ಬರೆದುಕೊಟ್ಟರಂತೆ. ದೊಡ್ಡಾಕೆಯ ಸರದಿ ಬಂದಾಗ ಡಾಕ್ಟರ ಕಣ್ಣು ಅವಳದಕ್ಕಿಂತ ಕೆಂಪಾಗಿತ್ತು. "ಏನಮ್ಮ?" ಎಂದರು. ಏನು ಎಂದು ಹೇಳಲು ಅವಳು ಮೊದಲ ಮಾತನ್ನು ಹುಡುಕುವಷ್ಟರಲ್ಲಿ, ಸೂಜಿಗೆ ದಾರ ಪೋಣಿಸುವಷ್ಟು ಹೊತ್ತೂ ಆಗಿರಲಿಲ್ಲ, ಚೀಟಿ ಕೈಗೆ ಬಂತು, ಹಿಂದಿನವಳ ಮೊಣಕೈ ಬೆನ್ನಿಗೆ ಬಂತು. ಔಷಧದ ಕಿಟಕಿಯಲ್ಲಿ ಆ ಮಾತ್ರೆ ಇರಲಿಲ್ಲ. ಹೊರಗೆ ಬಂದು ದಾರದ ಉಂಡೆ ಕೊಂಡಳು. ಹೇಳಿದ ಸುಳ್ಳನ್ನು ನಿಜ ಮಾಡುವುದಷ್ಟೇ ಅವತ್ತು ಅವಳ ಕೈಲಿ ಆದದ್ದು.

ಇಲ್ಲಿ ಮನೆಯಲ್ಲಿ, ಹಲಗೆಯ ಆಚೆ, ವಾರಕ್ಕೊಮ್ಮೆ, ಒಂದು ಗಂಟೆ ಹೊಡೆದು ಇನ್ನೊಂದು ಗಂಟೆ ಹೊಡೆಯುವವರೆಗೆ ಒಂದು ಜೀವ ಕೂತು ಕೇಳುತ್ತಿತ್ತು. ಗಂಟೆ ಹೊಡೆದ ಕೂಡಲೇ ಹುಡುಗಿ ಏಳುತ್ತಿದ್ದಳು, ಅವಳಿಗೆ ಇನ್ನೂ ಎಷ್ಟೋ ಮನೆ. ಅಲ್ಲಿಯವರೆಗೆ ಮಾತ್ರ ಅವಳು ಅಲುಗುತ್ತಿರಲಿಲ್ಲ. ಚಿಕ್ಕಾಕೆ ಹೇಳುತ್ತಿದ್ದದ್ದಾದರೂ ಏನು? ಕೂಸು ಅತ್ತರೆ ತನಗೆ ಯಾರೋ ದೂರದ ಬೀದಿಯಲ್ಲಿ ಅತ್ತ ಹಾಗೆ ಕೇಳುತ್ತದೆ. ಪಾತ್ರೆ ತೊಳೆಯುತ್ತ ನಿಂತರೆ ಯಾಕೆ ನಿಂತಿದ್ದೇನೆಂದು ಮರೆಯುತ್ತದೆ. ಇಂಥದ್ದು. ಆಗ ಹುಡುಗಿ ಮೆತ್ತಗೆ, ಒಂದು ಚೂರೂ ಅವಸರವಿಲ್ಲದೆ, "ಹೂಂ... ಆಮೇಲೆ?" ಎನ್ನುತ್ತಿದ್ದಳು. ಅಷ್ಟೇ. ಉಪದೇಶವಿಲ್ಲ, ಲೊಚಗುಟ್ಟುವುದಿಲ್ಲ. ಆ 'ಆಮೇಲೆ' ಕೇಳಿದಾಗಲೆಲ್ಲ ದೊಡ್ಡಾಕೆಯ ಸೂಜಿ ಬಟ್ಟೆ ಬಿಟ್ಟು ಬೆರಳಿಗೆ ಇಳಿಯುತ್ತಿತ್ತು. ಹುಟ್ಟಿದಾಗಿನಿಂದ ಅವಳ ಮಾತಿಗೆ ಸಿಕ್ಕ ಉತ್ತರಗಳನ್ನೆಲ್ಲ ಗುಡ್ಡೆ ಹಾಕಿದರೆ 'ಆಯ್ತು ಬಿಡು' ಇತ್ತು, 'ಈಗ್ಯಾಕೆ ಅದು' ಇತ್ತು, 'ಸಾರಿಗೆ ಉಪ್ಪು ಹಾಕಿದ್ಯಾ' ಇತ್ತು. 'ಆಮೇಲೆ' ಒಂದೂ ಇರಲಿಲ್ಲ. ಅಂಥ ಚಿನ್ನದಂಥ ಮಾತು ಈ ಮಂಕುದಿಣ್ಣೆಗೆ ವಾರವಾರ ಬಂದು ಬೀಳುತ್ತಿತ್ತು. ಮಂಕುದಿಣ್ಣೆಯಲ್ಲದೆ ಮತ್ತೇನು? ಹುಡುಗಿ ಏನಾದರೂ ಹೇಳಿದರೆ ಒಂದು ಸಲಕ್ಕೆ ತಲೆಗೆ ಹೋಗುತ್ತಿರಲಿಲ್ಲ. "ಇನ್ನೊಂದ್ಸಲ ಹೇಳಿ, ಸ್ವಲ್ಪ ಜೋರಾಗಿ ಹೇಳಿ" ಎಂದು ಪೀಡಿಸುತ್ತಿದ್ದಳು. ತಾನೂ ಸಂತೆಯಲ್ಲಿ ನಿಂತವಳ ಹಾಗೆ ಗಂಟಲು ಹರಿದುಕೊಂಡು ತನ್ನ ದುಃಖ ಹೇಳಿಕೊಳ್ಳುತ್ತಿದ್ದಳು. ನನಗಾಗಿದ್ದರೆ ಹುಬ್ಬು ಹಾರಿಸಿದರೆ ಅರ್ಥವಾಗುತ್ತಿತ್ತು ಎಂದು ದೊಡ್ಡಾಕೆ ದಾರ ಕಚ್ಚಿ ಹರಿಯುತ್ತಿದ್ದಳು.

ಓರಗಿತ್ತಿಯ ದುಃಖದ ಮೇಲೂ ಅವಳಿಗೆ ಹೊಟ್ಟೆಕಿಚ್ಚು. ಅವಳ ದುಃಖಕ್ಕೆ ತಲೆ ಇತ್ತು, ಬಾಲ ಇತ್ತು, ಹೆರಿಗೆ ಎಂಬ ಕಾರಣ ಇತ್ತು. ನಾಲ್ಕು ಜನರ ಮುಂದೆ ಇಡಬಹುದಾದ ದುಃಖ. ದೊಡ್ಡಾಕೆಗೆ ಏನೂ ಆಗಿರಲಿಲ್ಲ. ಮಗಳು ಮದುವೆಯಾಗಿ ನೆಟ್ಟಗಿದ್ದಳು, ಗಂಡ ಕುಡಿಯುವುದಿಲ್ಲ, ಕೈತುಂಬ ಕಾಜಾ ಕೆಲಸ. ಆದರೂ ಬೆಳಗ್ಗೆ ಕಣ್ಣು ಬಿಟ್ಟರೆ ಎದೆಯ ಮೇಲೆ ಒದ್ದೆ ಕಂಬಳಿ. "ಏನ್ ಕಮ್ಮಿ ಆಗಿದೆ ನಿಂಗೆ?" ಎಂದು ಗಂಡ ಒಂದು ದಿನ, ಕೋಪವಿಲ್ಲದೆಯೇ, ಬಸ್ಸಿನ ಯಾವ ನಟ್ಟು ಸಡಿಲವಾಗಿದೆ ಎಂದು ಕೇಳುವವನ ಹಾಗೆ ಕೇಳಿದ್ದ.

"ಏನೂ ಇಲ್ಲ."

"ಮತ್ತೆ?"

"ಮತ್ತೇನೂ ಇಲ್ಲ."

"ಏನೂ ಇಲ್ದೇ ಇರೋದಕ್ಕೆ ಇಷ್ಟು ಒದ್ದಾಡೋಳು ಲೋಕದಲ್ಲಿ ನೀನೊಬ್ಳೇ ನೋಡು" ಎಂದು ನಕ್ಕು, ಅವಳ ತಟ್ಟೆಯನ್ನೂ ತಾನೇ ತೊಳೆದಿಟ್ಟಿದ್ದ. ಒಳ್ಳೆಯವನು. ಒಳ್ಳೆಯವರ ಮೇಲೆ ರೇಗಲೂ ಆಗುವುದಿಲ್ಲವಲ್ಲ, ಅದೊಂದು ಬೇರೆ ಹಿಂಸೆ. ಕಾಜಾ ಅಂದರೆ ಇದೇ ಅನ್ನಿಸುತ್ತಿತ್ತು ಅವಳಿಗೆ. ಬಟ್ಟೆ ಕತ್ತರಿಸಿ ತೂತು ಮಾಡುವುದು, ತೂತಿನ ಸುತ್ತ ಒತ್ತೊತ್ತಾಗಿ ದಾರ ಹೊಲಿದು ಅಂದ ಮಾಡುವುದು. ನೋಡಿದವರು ಹೊಲಿಗೆ ಹೊಗಳುತ್ತಾರೆ. ನಡುವೆ ಇರುವುದು ತೂತೇ.

ಆ ಕಡೆ ಲೆಕ್ಕದಾಕೆ ಕೆಮ್ಮಿದಳು. ಕೂಸು ಮಿಸುಕಿತು. ದೊಡ್ಡಾಕೆ ಹೆಬ್ಬೆರಳು ಆಡಿಸಿದಳು. ಕೇಳುವ ಹುಡುಗಿ ಒಮ್ಮೆ ಆಚೆ ದೇಶದ ಸುದ್ದಿ ಹೇಳಿದ್ದು ನೆನಪಾಯಿತು. ದುಡ್ಡಿನ ಕಡೆಯ ಒಬ್ಬ ಬಿಳಿಕೂದಲಿನ ಹೆಂಗಸು ಈ ಹುಡುಗಿಯರಿಗೆ ಪಾಠ ಹೇಳಲು ಬಂದಿದ್ದಳಂತೆ. ಅಲ್ಲಿ ಮನಸ್ಸಿಗೆ ಬೇಜಾರಾದರೆ ಬೀದಿಗೊಬ್ಬರು ಸಿಗುತ್ತಾರಂತೆ, ನಾಯಿ ಮಂಕಾದರೂ ತೋರಿಸುತ್ತಾರಂತೆ. ಆ ಹೆಂಗಸು ಊರಿನವರ ಕಷ್ಟ ಕೇಳುತ್ತಾಳಲ್ಲ, ಅವಳ ಕಷ್ಟ ಕೇಳಲು ಇನ್ನೊಬ್ಬಳಿದ್ದಾಳಂತೆ. ಆ ಇನ್ನೊಬ್ಬಳಿಗೆ ಮತ್ತೊಬ್ಬಳು. ಚಿಕ್ಕಾಕೆ ಎಂದಿಲ್ಲದಂತೆ ಕಿಸಕ್ಕನೆ ನಕ್ಕು, "ಹಂಗಾದ್ರೆ ಹೇನು ಹೆಕ್ಕೋಕೆ ಕೂತಂಗೆ ಅನ್ನಿ, ಒಬ್ಬರ ಹಿಂದೆ ಒಬ್ಬರು" ಎಂದಿದ್ದಳು. ಹುಡುಗಿಯೂ ನಕ್ಕಿದ್ದಳು. ಈ ಕಡೆ ದೊಡ್ಡಾಕೆಗೆ ನಗು ಬಂದು, ನುಂಗಿ, ನುಂಗಿದ್ದು ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂದಿತ್ತು. ಆ ದೇಶದ ಅಷ್ಟುದ್ದ ಬೀದಿ ಕಣ್ಣಿಗೆ ಕಟ್ಟಿತು. ಒಂದು ಮೆಟ್ಟಿಲ ಕೆಳಗೊಂದು ಮೆಟ್ಟಿಲಿಗೆ ಬಿಳಿಕೂದಲಿನವರು, ಕಂದುಕೂದಲಿನವರು ಸಾಲಾಗಿ ಕೂತಿದ್ದಾರೆ. ಒಬ್ಬರ ತಲೆಯೊಳಗಿನದನ್ನು ಇನ್ನೊಬ್ಬರು ಹೆಕ್ಕಿ ತೆಗೆದು, ಬೆಳಕಿಗೆ ಹಿಡಿದು ನೋಡಿ, "ಆಮೇಲೆ?" ಎನ್ನುತ್ತಿದ್ದಾರೆ. ಸಾಲು ಬೆಟ್ಟ ಹತ್ತಿ ಇಳಿದಿದೆ. ಸಾಲಿನ ಬಾಲದಲ್ಲಿ, ಎಲ್ಲರಿಗಿಂತ ಕೆಳಗೆ, ಈ ಪಿನ್ನು ಚುಚ್ಚಿದ ಚಪ್ಪಲಿಯ ಹುಡುಗಿ. ಅವಳ ಮುಂದೆ ಓರಗಿತ್ತಿ ಕೂದಲು ಬಿಚ್ಚಿಕೊಂಡು ಕೂತಿದ್ದಾಳೆ. ಕೂಸು ಹಿಡಿದುಕೊಂಡು ದೂರ ನಿಂತವಳಿಗೆ ಮೆಟ್ಟಿಲು ಮುಗಿದಿದೆ.

ಕದಿಯಲು ಶುರು ಮಾಡಿದ್ದು ಅಲ್ಲಿಂದೀಚೆಗೆ. ಹುಡುಗಿ ಚಿಕ್ಕಾಕೆಗೆ ಹೇಳಿದ್ದಳು: ಚಿಕ್ಕಂದಿನಲ್ಲಿ ಇಷ್ಟಪಟ್ಟು ಮಾಡುತ್ತಿದ್ದದ್ದು ಏನಾದರೂ ಒಂದು, ಎಷ್ಟೇ ಸಣ್ಣದಿರಲಿ, ದಿನಾ ಮಾಡಿ. ಇಷ್ಟ ಆಗದಿದ್ದರೂ ಮಾಡಿ. ಚಿಕ್ಕಾಕೆ ಅದನ್ನೂ ಎರಡೆರಡು ಸಲ ಜೋರಾಗಿ ಹೇಳಿಸಿಕೊಂಡು, ಮಾಡಲಿಲ್ಲ. ಮರುವಾರ ಹುಡುಗಿ ಕೇಳಿದರೆ "ಮರ್ತೋಯ್ತು" ಎಂದಳು. ದಂಡ, ಪೂರ್ತಿ ದಂಡ. ದೊಡ್ಡಾಕೆ ಮಾತ್ರ ಯೋಚಿಸಿದಳು. ನನಗೆ ಏನು ಇಷ್ಟವಿತ್ತು? ಯೋಚಿಸುತ್ತ ಯೋಚಿಸುತ್ತ ಗಂಡನ ಅಂಗಿಗೆ ಎಡಬಲ ಎರಡೂ ಕಡೆ ಕಾಜಾ ಹಾಕಿಬಿಟ್ಟಳು, ಗುಂಡಿಗೆ ಜಾಗವೇ ಉಳಿಯಲಿಲ್ಲ. ಕೊನೆಗೆ ನೆನಪಾಯಿತು. ಸಿಳ್ಳೆ. ಹೆಣ್ಣುಮಗು ಸಿಳ್ಳೆ ಹಾಕುವುದೇ ಎಂದು ಅಮ್ಮ ತುಟಿಯ ಮೇಲೆ ಸೌಟಿನಲ್ಲಿ ತಟ್ಟುವವರೆಗೆ ಅವಳು ಬೀದಿಗೇ ಒಳ್ಳೆ ಸಿಳ್ಳೆಗಾರ್ತಿ. ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿಗೆ ಹೋಗಿ, ಒದ್ದೆ ಹಾಸಿಗೆ ಬಟ್ಟೆಯ ಮರೆಯಲ್ಲಿ ನಿಂತು ತುಟಿ ಮಡಿಸಿದಳು. ಮೊದಲ ದಿನ ಗಾಳಿ ಬಂತು, ಎರಡನೆಯ ದಿನ ಉಗುಳು. ಬರಬರುತ್ತ ಬಂದ ಸಿಳ್ಳೆ ಎಂಥದ್ದೆಂದರೆ, ಎದುರುಮನೆಯ ಅಜ್ಜಿ ಕುಕ್ಕರ್ ಕೂಗಿತೆಂದು ದಿನಾ ಒಲೆ ಆರಿಸಿ ಮೊಮ್ಮಕ್ಕಳಿಗೆ ಅರೆಬೆಂದದ್ದನ್ನೇ ಬಡಿಸಿದಳು. ಡಿಪೋದಿಂದ ಹೊರಟ ಬಸ್ಸೊಂದು ಕಂಡಕ್ಟರನ ಸೀಟಿ ಎಂದುಕೊಂಡು ಕಂಡಕ್ಟರನನ್ನೇ ಬಿಟ್ಟು ಹೋಯಿತು. ಮಹಡಿಯಿಂದ ಇಳಿದಾಗ ಎದೆಯ ಮೇಲಿನ ಕಂಬಳಿ ಒದ್ದೆಯೇ, ಆದರೆ ಒಂದು ಮಡಿಕೆ ಕಮ್ಮಿ. ಆಗ ಅವಳಿಗಾದ ಸಂತೋಷ ಸಿಳ್ಳೆಯದಲ್ಲ. ಕದ್ದದ್ದು ದಕ್ಕಿತಲ್ಲ, ಅದರದು. ಅವಳ ತಟ್ಟೆಯಿಂದ ಎತ್ತಿದ ತುತ್ತು ನನಗೆ ಮೈಗೂಡುತ್ತಿದೆ, ತಟ್ಟೆ ಮುಂದಿಟ್ಟುಕೊಂಡವಳಿಗೆ ಇಲ್ಲ. ಗುಣವಾಗುವುದಕ್ಕಿಂತ ಓರಗಿತ್ತಿಗಿಂತ ಮೊದಲು ಗುಣವಾಗುವುದು ಹೆಚ್ಚು ರುಚಿಯಾಗಿತ್ತು.

ಹೋದ ವಾರ, ಕೊನೆಯ ಸಲ, ಹುಡುಗಿಯ ದನಿ ಸಪ್ಪಗಿತ್ತು. "ಇನ್ಮೇಲೆ ಬರೋದು ನನ್ನ ಕೈಲಿಲ್ಲ. ಮುಂದಿನ ವಾರ ಬೇರೆಯವರು ಬಂದು ಎರಡೂ ಕಡೆಯವರನ್ನ ಕೇಳ್ತಾರೆ. ನಾವು ಬಂದ ಮನೆಯವರು ಮೇಲಾಗಿದ್ದು, ಕಾಗದದ ಮನೆಯವರು ಹಂಗೇ ಇದ್ರೆ, ಇದರಿಂದ ಉಪಯೋಗ ಇದೆ ಅಂತ ದುಡ್ಡು ಮುಂದುವರಿಯುತ್ತೆ. ಇಬ್ಬರೂ ಒಂದೇ ಥರ ಇದ್ರೆ ನಿಲ್ಲಿಸ್ತಾರೆ." ಚೀಲದ ಜಿಪ್ಪು ಎಳೆದ ಸದ್ದು ಕೇಳಿತು. "ನಂಗೂ ಇದೇ ಕೆಲಸ" ಎಂದಳು ಹುಡುಗಿ. ಆಗ ಚಿಕ್ಕಾಕೆ, ಆ ಮಂಕುದಿಣ್ಣೆ, "ಹೂಂ... ಆಮೇಲೆ?" ಎಂದಳು. ಹುಡುಗಿ ಅತ್ತುಬಿಟ್ಟಳು. ಈ ಕಡೆ ದೊಡ್ಡಾಕೆ ದಾರವನ್ನು ಹಲ್ಲಲ್ಲಿ ಕಡಿದಳು. ಹೇಳಿಕೊಳ್ಳುವ ಭಾಗ್ಯವಷ್ಟೇ ಅಲ್ಲ, ಕೇಳುವ ಭಾಗ್ಯವೂ ಅವಳಿಗೇ. ಆ ಕ್ಷಣಕ್ಕೆ ನಿರ್ಧಾರವಾಯಿತು. ನಾನು ಗುಂಡುಕಲ್ಲಿನ ಹಾಗಿದ್ದೇನೆ ಎಂದುಬಿಡುತ್ತೇನೆ. ಕಾಗದದವಳೂ ಅಷ್ಟೇ, ಹೇಳಿಕೊಂಡವಳೂ ಅಷ್ಟೇ ಎಂದು ಆಚೆಯವರಿಗೆ ತಿಳಿಯಲಿ. ನನಗಿಲ್ಲದ ಮೆಟ್ಟಿಲು ಯಾರಿಗೂ ಬೇಡ. ಹೀಗೆಂದುಕೊಂಡ ಮೇಲೆ ಪಿನ್ನು ಚುಚ್ಚಿದ ಚಪ್ಪಲಿ ಕಣ್ಣ ಮುಂದೆ ಬಂತು. ಆ ಹುಡುಗಿ ನನಗೇನು ಮಾಡಿದ್ದಳು? ಎಷ್ಟೋ ಸಲ ಹೊರಡುವಾಗ ನನ್ನ ಬಾಗಿಲಿಗೂ ಇಣುಕಿ "ಬರ್ತೀನಮ್ಮ" ಎಂದಿದ್ದಳು. ವಾರವಿಡೀ ಆ 'ಬರ್ತೀನಮ್ಮ' ಕಿವಿಯಲ್ಲಿ ಕಡಿಯಿತು. ಕೆರೆದುಕೊಂಡಳು, ನಿರ್ಧಾರ ಬಿಡಲಿಲ್ಲ.

ವಾಲಿದ ಚಪ್ಪಲಿ ಈಗ ಇವಳ ಹೊಸ್ತಿಲಿಗೆ ಬಂತು. ಲೆಕ್ಕದಾಕೆ ದಪ್ಪ ಹೆಂಗಸು, ಮೊಣಕಾಲು ಹಿಡಿದುಕೊಂಡು ಕೂತಳು, ಹಲಗೆಯಂಥ ದೊಡ್ಡ ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ನಿಮಗೆ ಹುಡುಗಿ ಬರ್ತಿದ್ಲೋ ಕಾಗದವೋ ಅಂತ ನಂಗೆ ಹೇಳ್ಬಾರದು. ನಾನು ಕೇಳೋಂಗಿಲ್ಲ. ಇಲ್ಲವೇ ಇಲ್ಲ, ಕೆಲವು ದಿನ, ತುಂಬಾ ದಿನ, ಹೆಚ್ಚುಕಮ್ಮಿ ದಿನಾ. ಇಷ್ಟರಲ್ಲಿ ಒಂದು ಹೇಳಿ ಸಾಕು."

"ಕೇಳಿ" ಎಂದಳು ದೊಡ್ಡಾಕೆ, ಬೆನ್ನು ನೆಟ್ಟಗೆ ಮಾಡಿ.

"ಕೆಲಸದಲ್ಲಿ ಆಸಕ್ತಿ ಇಲ್ಲ ಅನ್ನಿಸಿದೆಯಾ?"

"ಇಲ್ಲವೇ ಇಲ್ಲ."

ಬೆರಳು ಗಾಜಿನ ಮೇಲೆ ಟಪ್ ಎಂದಿತು. ತಲೆ ಮೇಲೇಳಲಿಲ್ಲ. "ಮನಸ್ಸು ಕುಗ್ಗಿದೆಯಾ?" "ಇಲ್ಲವೇ ಇಲ್ಲ." ಟಪ್. "ನಿದ್ದೆ?" "ತೊಂದರೆ ಇಲ್ಲ." ಟಪ್. ಇಳಿಯುವವರು ಯಾರೂ ಇಲ್ಲದ ಬಸ್ಸು ನಿಲ್ದಾಣಗಳನ್ನು ದಾಟಿಕೊಂಡು ಹೋದ ಹಾಗೆ ಪ್ರಶ್ನೆಗಳು ಹೋಗುತ್ತಿದ್ದವು. ದೊಡ್ಡಾಕೆಗೆ ಒಳಗೊಳಗೇ ಗಾಬರಿಯಾಯಿತು. ಆ ಕಡೆ ಇದೇ ಹೆಂಗಸು ಎಷ್ಟು ಹೊತ್ತು ಕೂತಿದ್ದಳು, ಇಲ್ಲಿ ಕೂತ ಜಾಗ ಬಿಸಿಯಾಗುವ ಮೊದಲೇ ಏಳುತ್ತಾಳೆ. ಇಷ್ಟು ತಿಂಗಳು ಕಾದು, ಕೊನೆಗೆ ತನ್ನ ಎದುರಿಗೇ ಬಂದು ಕೂತು 'ಹೇಗಿದ್ದೀರಿ' ಎಂದು ಕೇಳಿದ ಒಂದೇ ಒಂದು ಜೀವ. ಅದು ತನ್ನ ನೆತ್ತಿಯ ಬೈತಲೆಯನ್ನಷ್ಟೇ ತೋರಿಸಿ ಎದ್ದು ಹೋಗುತ್ತದೆ. ಇದೂ ದಪ್ಪ ಲಕೋಟೆಯೇ.

"ಸುಸ್ತು?"

"ದಿನಾ" ಎಂದಳು ದೊಡ್ಡಾಕೆ.

ಬೆರಳು ನಿಂತಿತು. ತಲೆ ಎದ್ದಿತು. ಲೆಕ್ಕದಾಕೆಗೆ ಕಣ್ಣುಗಳಿದ್ದವು, ಅವುಗಳ ಕೆಳಗೆ ಕಪ್ಪು ಇತ್ತು. "ದಿನಾನಾ?"

"ಹೂಂ. ನಿದ್ದೇನೂ ಇಲ್ಲ. ಆಗ ಸುಳ್ಳು ಹೇಳ್ದೆ, ಅದನ್ನ ಅಳಿಸಿ." ಅಲ್ಲಿಂದ ಮುಂದೆ ಪ್ರತಿ ಪ್ರಶ್ನೆಗೂ ಅವಳು ದೊಡ್ಡದನ್ನೇ ಆರಿಸಿದಳು, ಅಂದು ಜಗಲಿಯಲ್ಲಿ ದಪ್ಪದ್ದನ್ನು ಆರಿಸಿದ ಅದೇ ಕೈಯಲ್ಲಿ. ಊಟ ಸೇರಲ್ಲ, ದಿನಾ. ನನ್ನಿಂದ ಯಾರಿಗೂ ಪ್ರಯೋಜನ ಇಲ್ಲ, ದಿನಾ. ಒಂದೊಂದು 'ದಿನಾ'ಕ್ಕೂ ಆ ಹೆಂಗಸು ಇನ್ನೊಂದಿಷ್ಟು ಕೂರುತ್ತಿದ್ದಳು. ಸುಳ್ಳೋ ನಿಜವೋ ಅವಳಿಗೇ ತಿಳಿಯದಾಯಿತು. ಸಿಳ್ಳೆ ಎಲ್ಲಿ ಹೋಯಿತು? ಇತ್ತು, ಮಹಡಿಯ ಮೇಲೆ ಬಟ್ಟೆಯ ಮರೆಯಲ್ಲಿ ಕಾಯುತ್ತಿತ್ತು. ಆದರೆ ಅದನ್ನು ಹೇಳಿದರೆ ಈ ಹೆಂಗಸು ಎದ್ದುಬಿಡುತ್ತಾಳೆ. ಕೊನೆಯ ಪ್ರಶ್ನೆಗೆ ಲೆಕ್ಕದಾಕೆ ದನಿ ತಗ್ಗಿಸಿದಳು. ಇರೋದಕ್ಕಿಂತ ಇಲ್ಲದೇ ಹೋಗೋದೇ ವಾಸಿ ಅನ್ನಿಸಿದ್ದುಂಟಾ?

ಇದಕ್ಕೆ ಉತ್ತರ ತಯಾರಿರಲಿಲ್ಲ. "ಕೆಲವು ದಿನ" ಎಂದಳು. ಅದು ಮಾತ್ರ ಅಳತೆ ತಪ್ಪದೆ ಬಂತು. "ಈಗಲ್ಲ. ಆ ಆಸ್ಪತ್ರೆಯಿಂದ ದಾರದುಂಡೆ ತಂದ ದಿನ. ಮನೆಗೆ ಬಂದೆ, ಎಲ್ಲರೂ ಇದ್ರು, ದೀಪ ಹಚ್ಚಿದ್ರು. ನಾನು ಬಾಗಿಲಲ್ಲಿ ನಿಂತು ನೋಡಿದೆ. ನಾನು ಬರ್ದೇ ಇದ್ದಿದ್ರೂ ಹಿಂಗೇ ದೀಪ ಉರೀತಿತ್ತಲ್ಲ ಅನ್ನಿಸ್ತು. ಅಷ್ಟು ಸಲೀಸಾಗಿ ಅನ್ನಿಸ್ತು..." ಅಲ್ಲಿಗೆ ನಿಲ್ಲಿಸಿ ಎದುರಿನವಳ ತುಟಿ ನೋಡಿದಳು. ಈಗ ಬರುತ್ತದೆ ಆ ಮಾತು. ಈಗ.

ಲೆಕ್ಕದಾಕೆ ಮೊಣಕಾಲು ನೀವಿಕೊಂಡಳು. ಅವಳ ಮುಖದಲ್ಲಿ ಕನಿಕರವೂ ಇತ್ತು, ಬಸ್ಸು ತಪ್ಪುವ ಭಯವೂ ಇತ್ತು. "ಇದರಲ್ಲಿ ಅದನ್ನ ಹಾಕೋಕೆ ಜಾಗ ಇಲ್ಲಮ್ಮ. ನಂಗೆ ಕೇಳೋಕಷ್ಟೇ ಹೇಳಿರೋದು, ಕೇಳಿಸ್ಕೊಳ್ಳೋಕೆ ಕಲ್ಸಿಲ್ಲ. ಮೇಲಿನವರಿಗೆ ಹೇಳ್ತೀನಿ, ಯಾರಾದ್ರೂ ಫೋನ್ ಮಾಡ್ತಾರೆ. ಅಲ್ಲೀವರೆಗೂ ದೊಡ್ಡಾಸ್ಪತ್ರೆಗೆ ಹೋಗಿ." ಚೀಲದಿಂದ ಒಂದು ಕಾಗದ ತೆಗೆದು ಕೊಟ್ಟಳು. ಹಣೆಗೆ ಕೈ ಹಚ್ಚಿದ ಹೆಂಗಸು. ಅದೇ ಇಸ್ತ್ರಿ ಸೀರೆ. ವಾಲಿದ ಚಪ್ಪಲಿ ಮೆಟ್ಟಿಲಿಳಿದು ಹೋಯಿತು.

ದೊಡ್ಡಾಕೆ ಕಾಗದ ಹಿಡಿದು ಕೂತೇ ಇದ್ದಳು. ಮೆಷಿನ್ನಿನ ಇನ್ನೊಂದು ಕಾಲಿಗೆ ಆಯಿತು ಎಂದುಕೊಂಡಳು, ನಗು ಬರಲಿಲ್ಲ. ಓರಗಿತ್ತಿಯ ಸುಖ ಕೆಡಿಸಲು ಹೊರಟವಳು ಏನು ಮಾಡಿ ಕೂತಿದ್ದಳು? ಕಾಗದದವಳು ಹಾಳಾಗಿದ್ದಾಳೆಂದು ತಾನೇ ಬಾಯಾರೆ ಹೇಳಿ, ಆ ಹುಡುಗಿಯ ಕೆಲಸ ಉಳಿಸಿ, ಓರಗಿತ್ತಿಯ ಮೆಟ್ಟಿಲು ಭದ್ರ ಮಾಡಿದ್ದಳು. ತನ್ನ ಕೈಯಿಂದ ಒಳ್ಳೆಯದಾದರೂ ಹೀಗೆ ಜಾರಿಬಿದ್ದ ಹಾಗೆ ಆಗಬೇಕು.

"ಅಕ್ಕಾ" ಎಂದಿತು ಹಲಗೆ.

ಅವಳು ಸೂಜಿಗೆ ದಾರ ಪೋಣಿಸತೊಡಗಿದಳು.

"ಅಕ್ಕಾ, ನಾನು ಪೂರ್ತಿ ವಾಸಿ ಅಂದೆ ಅವಳ ಹತ್ರ. ಅಷ್ಟೊಂದು ಆಗಿಲ್ಲ. ಪಾಪ, ಆ ಹುಡುಗಿ ಕೆಲಸ ಉಳೀಲಿ ಅಂತ."

ಎರಡು ಕಡೆಯಿಂದ ಎರಡು ಮಾತು ಕಡಲು ದಾಟಿ ಹೋಗಿ ಆಚೆಯವರು ಬೆರಗಾಗುವಷ್ಟು ಚಂದದ ವ್ಯತ್ಯಾಸ ಕಾಣುವುದು ಖಂಡಿತ. ದೊಡ್ಡಾಕೆ ಗಂಟಲು ಸರಿಮಾಡಿಕೊಂಡಳು. "ನಾನು ಹೇಳಿದ್ದು ಕೇಳಿಸ್ಕೊಂಡ್ಯಾ?"

"ಇಲ್ಲ ಅಂದ್ರೆ ನಂಬ್ತೀಯಾ?"

"ಕದ್ದು ಕೇಳೋದು ಒಳ್ಳೇ ಬುದ್ಧಿ ಅಲ್ಲ ಕಣೇ."

"ಹೌದಕ್ಕ. ಅದಕ್ಕೇ ನಾನು ಜೋರಾಗಿ ಹೇಳಿ ಅಂತಿದ್ದೆ ಅವಳಿಗೆ."

ದಾರ ಸೂಜಿಯ ಕಣ್ಣಿನ ಪಕ್ಕಕ್ಕೆ ಹೋಯಿತು. ದೊಡ್ಡಾಕೆಯ ಕಿವಿ ಬಿಸಿಯಾಗಿ, ಆ ಬಿಸಿ ಕತ್ತಿಗೆ ಇಳಿಯಿತು. "ಯಾವಾಗಿಂದ ಗೊತ್ತು ನಿಂಗೆ?"

"ಲಕೋಟೆ ಒಡೆದ ದಿನದಿಂದ. ನಿನ್ನ ಮುಖ ನೋಡಿದ್ನಲ್ಲ. ಹೇಳಿದ್ರೆ ಎದ್ದು ಹೋಗ್ತಿದ್ದೆ ನೀನು." ಹಾಗೆಯೇ ಸೇರಿಸಿದಳು: "ಸಿಳ್ಳೆ ಚೆನ್ನಾಗಿ ಬರ್ತಿದೆ ಈಗ."

ಕದ್ದದ್ದೆಂದು ಬೀಗಿದ್ದೆಲ್ಲ ಬಡಿಸಿದ್ದು. ತಟ್ಟೆಯ ಅಂಚಿಗೆ ಸರಿಸಿ, ನೋಡದವಳಂತೆ ಮುಖ ತಿರುಗಿಸಿ, ಇವಳು ತೆಗೆದುಕೊಳ್ಳಲಿ ಎಂದು ಬಿಟ್ಟದ್ದು. ಮಂಕುದಿಣ್ಣೆ. ಒಂದು ಕಳ್ಳತನವನ್ನಾದರೂ ನೆಟ್ಟಗೆ ಮಾಡಲು ಬಿಡಲಿಲ್ಲವಲ್ಲ, ಒಳ್ಳೆಯತನದಲ್ಲೂ ಮುಂದೆ ಹೋಗಿ ನಿಂತಳಲ್ಲ ಎಂದು ದೊಡ್ಡಾಕೆಗೆ ಉರಿಯಿತು. ಇಷ್ಟು ತಿಂಗಳು ಉರಿದದ್ದಕ್ಕಿಂತ ಜೋರಾಗಿ, ಆದರೆ ಯಾಕೋ ಹೊಗೆಯಿಲ್ಲದೆ. ಜೋಳಿಗೆಯಲ್ಲಿ ಕೂಸು ಎಚ್ಚರವಾಗಿ, ಅಳದೆ, ಮುಷ್ಟಿ ಹುಡುಕುತ್ತಿತ್ತು. ಹೆಬ್ಬೆರಳು ತಾನಾಗಿ ಆಡಿತು.

"ದೀಪ ಉರೀತಿತ್ತು ಅಂದ್ಯಲ್ಲ" ಎಂದಳು ಹಲಗೆಯ ಆಚೆಯವಳು, ಒಂದು ಚೂರೂ ಅವಸರವಿಲ್ಲದೆ. "ಹೂಂ... ಆಮೇಲೆ?"

ದೊಡ್ಡಾಕೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಟಿಕ್ ಟಿಕ್ ಗಂಟೆ ಹೊಡೆಯುವ ಕಡೆಗೆ ಹೋಗುತ್ತಿತ್ತು.

"ಮೊದಲು ಆ ಗಡಿಯಾರ ನಿಲ್ಸು" ಎಂದಳು ದೊಡ್ಡಾಕೆ, ಸಿಡುಕಿಕೊಂಡೇ. "ಅದು ಬಡ್ಕೊತಾ ಇದ್ರೆ ನಂಗೆ ಮಾತು ಬರಲ್ಲ."

ಹಲಗೆಯ ಆಚೆ ಸ್ಟೂಲು ಎಳೆದ ಸದ್ದಾಯಿತು. ಯಾರೋ ಅದರ ಮೇಲೆ ಹತ್ತಿದರು. ಟಿಕ್ ಟಿಕ್ ನಿಂತಿತು.